ತಾರಸಿಯ ಮೇಲಿನ ಹನ್ನೆರಡು ಗಿಡ

ಹನ್ನೆರಡು ಸಸಿ ನೆಟ್ಟರೆ ಎರಡು ಉಳಿದರೆ ಹೆಚ್ಚು ಅಂತ ಹೇಳಿದ್ದು ಮೇಲಿನ ಮನೆಯ ನಿವೃತ್ತ ಮೇಷ್ಟ್ರು. ಅವರ ಮಾತು ನಂಬಿ ನಮ್ಮ ಗುಮಾಸ್ತರು ತಾರಸಿಯ ಮೇಲೆ ಲೆಕ್ಕ ಹಾಕಿ ಹನ್ನೆರಡು ಟೊಮೆಟೊ ಸಸಿ ನೆಟ್ಟರು. ಒಂದೂ ಸಾಯಲಿಲ್ಲ. ಹನ್ನೆರಡೂ ಮೈ ತುಂಬಿಕೊಂಡು ಬೆಳೆದು, ಮಾತಾಡಿಕೊಂಡವರ ಹಾಗೆ ಒಂದೇ ವಾರ ಹಣ್ಣು ಬಿಡಲು ಶುರು ಮಾಡಿದವು. ಕಿತ್ತಷ್ಟೂ ಬಂದವು.

ಈಗ ಮನೆಯಲ್ಲಿ ಟೊಮೆಟೊ ಇಲ್ಲದ ಜಾಗ ಅಂದರೆ ಗೋಡೆ ಗಡಿಯಾರದ ಒಳಗೆ ಮಾತ್ರ. ಮಂಚದ ಕೆಳಗೆ, ಕಿಟಕಿ ಕಟ್ಟೆಯ ಮೇಲೆ, ಬಟ್ಟೆ ನೆನೆಸುವ ಬಕೆಟ್ಟಿನಲ್ಲಿ, ಕಡೆಗೆ ಗುಮಾಸ್ತರ ಹೆಲ್ಮೆಟ್ಟಿನಲ್ಲೂ ಟೊಮೆಟೊ. ಹೆಂಡತಿ ಸೂಪು ಮಾಡಿದರು, ಸಾಸು ಮಾಡಿದರು, ಜಾಮು ಮಾಡಿದರು. ಮಗಳಂತೂ, "ಅಪ್ಪಾ, ನಾನು ಡಬ್ಬಿ ಮುಚ್ಚಳ ತೆಗೆದ್ರೆ ಹಿಂದಿನ ಬೆಂಚಿನೋರೂ ಎದ್ದು ಹೋಗ್ತಾರೆ" ಅಂತ ಅತ್ತುಬಿಟ್ಟಳು.

ಆ ಬೆಳಿಗ್ಗೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತರು.

"ನೋಡಿ, ಸಂಜೆಯೊಳಗೆ ಈ ಮನೇಲಿ ಒಂದೋ ಅವಿರಬೇಕು, ಇಲ್ಲಾ ನಾನಿರಬೇಕು."

"ಇವತ್ತೊಂದಿನ ಬಿಟ್ಬಿಡೇ. ಇವತ್ತು ಕಮಿಷನರ್ ಮೇಡಂ ಹೆಡ್‌ಕ್ಲರ್ಕ್ ಹೆಸರಿಗೆ ಸಹಿ ಹಾಕ್ತಾರೆ. ನನಗೆ ರಾತ್ರಿಯಿಂದ ನಿದ್ದೆ ಇಲ್ಲ."

"ನಿದ್ದೆ ಹೇಗೆ ಬರತ್ತೆ? ದಿಂಬಿನ ಪಕ್ಕಾನೂ ಅವೇ ಇವೆ. ತಗೊಳ್ಳಿ ಈ ಚೀಲ."

ಗುಮಾಸ್ತರ ಚಿಂತೆ ಸುಳ್ಳಲ್ಲ. ನಗರಸಭೆಯ ದಾಖಲೆ ಕೋಣೆಯಲ್ಲಿ ಅವರದು ಹತ್ತೊಂಬತ್ತನೇ ವರ್ಷ. ಕಿಟಕಿಯಿಲ್ಲದ ಕೋಣೆ, ಧೂಳಿಗೆ ಸೀನಿ ಸೀನಿ ಅವರ ಮೂಗು ಸರ್ಕಾರಿ ಮೊಹರಿನ ಬಣ್ಣಕ್ಕೆ ತಿರುಗಿತ್ತು. ಹೆಡ್‌ಕ್ಲರ್ಕ್ ಕುರ್ಚಿ ಅಂದರೆ ಫ್ಯಾನಿನ ಅಡಿ, ಕಿಟಕಿಯ ಪಕ್ಕ. ಪೈಪೋಟಿಗೆ ಇದ್ದವನು ಒಬ್ಬನೇ, ಟಪಾಲು ಗುಮಾಸ್ತ. ಅವನಿಗೆ ಅನುಭವ ಅರ್ಧ, ನಗು ದುಪ್ಪಟ್ಟು.

ಚೀಲ ಹೊತ್ತು ಹೊರಟ ಗುಮಾಸ್ತರು ಎದುರುಮನೆಯ ಬಾಗಿಲು ತಟ್ಟಿದರು.

"ಮನೇಲಿ ಯಾರೂ ಇಲ್ಲ!" ಅಂತ ಒಳಗಿನಿಂದ ಅಜ್ಜಿಯ ದನಿ ಬಂತು.

"ಅಜ್ಜಿ, ನಾನು..."

"ನೀನು ಅಂತ ಗೊತ್ತಾಗಿಯೇ ಹೇಳಿದ್ದು ಕಣಪ್ಪ."

ಕಚೇರಿಯಲ್ಲೂ ಅದೇ ಪಾಡು. ಗುಮಾಸ್ತರ ಚೀಲ ಕಂಡಿದ್ದೇ ತಡ, ಕ್ಯಾಷಿಯರು ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದರು. ಟೈಪಿಸ್ಟ್ ಅಕ್ಕ ಕಿವಿಗೆ ಫೋನು ಇಟ್ಟುಕೊಂಡು ಸತ್ತ ಲೈನಿನ ಜೊತೆ ಮಾತಾಡತೊಡಗಿದರು. ಗುಮಾಸ್ತರು ನಿಟ್ಟುಸಿರು ಬಿಟ್ಟು ಚೀಲವನ್ನು ಮೂಲೆಯಲ್ಲಿಟ್ಟು ಕಡತ ತರಲು ಹೋದರು.

ಅವರು ವಾಪಸು ಬರುವಷ್ಟರಲ್ಲಿ ಚೀಲ ಇರಲಿಲ್ಲ. ಜವಾನ ಮಾತ್ರ ಹಲ್ಲು ಕಿರಿದುಕೊಂಡು ನಿಂತಿದ್ದ. ಮೂವತ್ತು ವರ್ಷ ಸರ್ವೀಸಾದ ಅವನಿಗೆ ಇಡೀ ಕಚೇರಿಯ ಹಿತ ತನ್ನ ಹೆಗಲ ಮೇಲಿದೆ ಅನ್ನೋ ಭಾವನೆ.

"ಸಾರ್, ನೀವೇನೂ ಯೋಚ್ನೆ ಮಾಡ್ಬೇಡಿ. ಚೀಲ ಮೇಡಂ ಮೇಜಿನ ಮೇಲೆ ಇಟ್ಬಿಟ್ಟೆ. ಹೆಡ್‌ಕ್ಲರ್ಕ್ ಆಗ್ಬೇಕು ಅಂತಿರೋರು ಕೊಟ್ಟಿದ್ದು ಅಂತಾನೂ ಹೇಳ್ದೆ."

ಗುಮಾಸ್ತರು ಚೀಲ ವಾಪಸು ತರಲು ಓಡಿದರು. ಅಷ್ಟರಲ್ಲಿ ಒಳಗಿನಿಂದ ಬೆಲ್ಲು ಹೊಡೆಯಿತು.

ಹೊಸದಾಗಿ ಬಂದಿದ್ದ ಮೇಡಂ ಯಾರದೇ ಮನೆಯ ಚಹಾ ಕೂಡ ಕುಡಿಯದವರು. ಚೀಲವನ್ನು ಒಂದು ಸ್ಕೇಲಿನ ತುದಿಯಿಂದ ದೂರ ತಳ್ಳಿ ಕೇಳಿದರು:

"ಏನ್ರೀ ಇದು?"

"ಟೊ... ಟೊಮೆಟೊ, ಮೇಡಂ."

"ಅದು ಕಾಣ್ತಿದೆ. ನಾನು ಸಹಿ ಹಾಕೋ ದಿನಾನೇ ಯಾಕೆ ಬಂತು? ಲಂಚ ಕೊಡೋಕೆ ಬಂದ್ರಾ?"

"ಅಯ್ಯೋ, ಇಲ್ಲ ಮೇಡಂ! ಬೇಕಾದ್ರೆ ಕೇಳಿ, ಮೂರು ವಾರದಿಂದ ಎಲ್ಲರಿಗೂ ಕೊಟ್ಟಿದೀನಿ!"

"ಅಂದ್ರೆ ಇಡೀ ಕಚೇರೀನೇ ಕೊಂಡುಕೊಂಡಿದೀರಿ."

ಸಾಕ್ಷಿಗೆ ಕ್ಯಾಷಿಯರನ್ನು ಕರೆಸಿದರು. ಅವರು ಕೈಮುಗಿದು, "ಹೌದು ಮೇಡಂ, ಬೇಡ ಅಂದ್ರೂ ಬಿಡಲ್ಲ. ಒಂದಿನ ನನ್ನ ಛತ್ರಿ ಒಳಗೇ ತುಂಬಿಟ್ಟಿದ್ರು" ಅಂದರು. ಟಪಾಲು ಗುಮಾಸ್ತ ಬಾಗಿಲ ಸಂದಿಯಲ್ಲಿ ನಿಂತು ಮರುಕದಿಂದ ತಲೆಯಾಡಿಸಿದ.

"ಮನೇಲಿ ಬೆಳೆದದ್ದು ಮೇಡಂ, ದೇವರಾಣೆ! ತಾರಸಿ ಮೇಲೆ, ಹನ್ನೆರಡೇ ಹನ್ನೆರಡು ಗಿಡ."

"ಹನ್ನೆರಡು ಗಿಡ ಇಡೀ ಕಚೇರಿಗೆ ಮೂರು ವಾರ ಸಾಕಾಯ್ತಾ? ನಡೀರಿ, ನೋಡೇಬಿಡೋಣ. ಸುಳ್ಳಾದ್ರೆ ಇವತ್ತೇ ಸಸ್ಪೆನ್ಷನ್."

ಜೀಪಿನ ಹಿಂದಿನ ಸೀಟಿನಲ್ಲಿ ಗುಮಾಸ್ತರು ಚೀಲವನ್ನು ಎದೆಗವಚಿಕೊಂಡು, ಕಳ್ಳಮಾಲಿನ ಸಮೇತ ಸಿಕ್ಕಿಬಿದ್ದವರ ಹಾಗೆ ಕೂತಿದ್ದರು. ಮನೆಯ ಮೆಟ್ಟಿಲು ಹತ್ತುವಾಗ ಚೀಲದ ತಳ ಕಿತ್ತುಹೋಯಿತು. ಹಣ್ಣುಗಳೆಲ್ಲ ಶಾಲೆ ಬಿಟ್ಟ ಮಕ್ಕಳ ಹಾಗೆ ದಡಬಡ ಕೆಳಗಿಳಿದವು. ಕೆಳಗಿನಿಂದ ಪೇಪರು ಓದುತ್ತ ಮೇಲೆ ಬರುತ್ತಿದ್ದ ಮೇಷ್ಟ್ರು ಒಂದರ ಮೇಲೆ ಕಾಲಿಟ್ಟು ಜಾರಿ ಮೆಟ್ಟಿಲ ಮೇಲೆಯೇ ಕುಕ್ಕರಿಸಿದರು. ಸದ್ಯ, ಏಟು ಬಿದ್ದದ್ದು ಪಂಚೆಯ ಬಿಳುಪಿಗೆ ಮಾತ್ರ. ಸದ್ದಿಗೆ ಹೆಂಡತಿ ಹೊರಗೆ ಬಂದರು. ಮನೇಲಿ ಯಾರೂ ಇಲ್ಲದ ಅಜ್ಜಿಯೂ ಬಂದರು.

ಎಲ್ಲರೂ ಮೆರವಣಿಗೆಯಲ್ಲಿ ತಾರಸಿ ಹತ್ತಿದರು.

ಮೇಡಂ ನಿಂತಲ್ಲೇ ನಿಂತರು. ಪೇಂಟಿನ ಹನ್ನೆರಡು ಹಳೇ ಡಬ್ಬ, ಆಳೆತ್ತರದ ಗಿಡ, ಎಲೆಗಿಂತ ಹಣ್ಣೇ ಹೆಚ್ಚು. ಒಂದು ಕಿತ್ತು, ಕರ್ಚೀಫಿನಲ್ಲಿ ಒರೆಸಿ ಕಚ್ಚಿದರು. ರಸ ಗಲ್ಲದ ಮೇಲೆ ಇಳಿಯಿತು. ಹತ್ತು ವರ್ಷ ನಗದಂತಿದ್ದ ಮುಖ ಸ್ವಲ್ಪ ಸಡಿಲವಾಯಿತು.

"ಇಷ್ಟನ್ನೂ ನೀವೊಬ್ರೇ ಬೆಳೆದ್ರಾ?"

ನಿಜ ಹೇಳಬೇಕೆಂದರೆ ಗುಮಾಸ್ತರು ದಿನಾ ಒಂದು ಬಕೆಟ್ ನೀರು ಸುರಿದದ್ದು ಬಿಟ್ಟರೆ ಮತ್ತೇನೂ ಮಾಡಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಮುಂದೆ ಬಂದರು. ಗಂಡನ ಕುರ್ಚಿ ಕೈ ತಪ್ಪುತ್ತದೆ ಅನ್ನುವುದು ಅವರಿಗೆ ಹೊಳೆದುಹೋಗಿತ್ತು.

"ಇವರೊಬ್ರೇ ಮೇಡಂ! ಬೆಳಕು ಹರಿಯೋಕೆ ಮುಂಚೆ ಎದ್ದು ಒಂದೊಂದು ಎಲೆ ಮಾತಾಡಿಸ್ತಾರೆ. ನನ್ನನ್ನ ಹಾಗೆ ಮಾತಾಡಿಸಿಲ್ಲ."

ಅಜ್ಜಿ, "ಮಣ್ಣು ಮುಟ್ಟಿದ್ರೆ ಚಿನ್ನ ಆಗೋ ಕೈ ಅಮ್ಮಾ ಅದು" ಅಂದರು.

ಪಂಚೆ ಒರೆಸಿಕೊಳ್ಳುತ್ತಿದ್ದ ಮೇಷ್ಟ್ರೂ ಹಿಂದೆ ಬೀಳಲಿಲ್ಲ. "ಕಲ್ಲು ನೆಟ್ಟರೂ ಚಿಗುರಿಸ್ತಾರೆ! ನಾನೇ ಇವರ ಹತ್ರ ಎಷ್ಟೋ ಕಲಿತಿದೀನಿ."

ಹೊಗಳಿಕೆ ಅಟ್ಟಕ್ಕೇರಿಸುತ್ತದೆ ಅನ್ನುತ್ತಾರೆ. ತಾರಸಿಯ ಮೇಲೆ ನಿಂತಿದ್ದ ಗುಮಾಸ್ತರಿಗೆ ಇನ್ನೂ ಮೇಲೇರುವುದು ಸುಲಭವಾಯಿತು. "ಸಣ್ಣವನಿದ್ದಾಗಿಂದ ಗಿಡ ಅಂದ್ರೆ ನನಗೆ ಪ್ರಾಣ, ಮೇಡಂ" ಅಂದುಬಿಟ್ಟರು.

"ಮತ್ತೆ ಆ ದಾಖಲೆ ಕೋಣೆಯಲ್ಲಿ?"

"ಉಸಿರು ಕಟ್ಟುತ್ತೆ ಮೇಡಂ. ಗಾಳಿ ಬೆಳಕು ಇರೋ ಕಡೆ ಕೂತರೆ ಇನ್ನೂ ಚೆನ್ನಾಗಿ ಕೆಲಸ ಮಾಡ್ತೀನಿ." ಕಿಟಕಿಯ ವಿಷಯವನ್ನು ಇಷ್ಟು ನಾಜೂಕಾಗಿ ಹೇಳಿದೆನಲ್ಲ ಅಂತ ಅವರಿಗೇ ಹೆಮ್ಮೆಯಾಯಿತು.

ಮೇಡಂ ಡೈರಿ ತೆಗೆದು ಏನೋ ಬರೆದುಕೊಂಡರು. "ನಾನು ತಪ್ಪು ತಿಳಿದಿದ್ದೆ. ನಿಮ್ಮಂಥೋರಿಗೆ ನ್ಯಾಯ ಸಿಗಬೇಕು. ಸಂಜೆ ಆರ್ಡರು ಬರುತ್ತೆ." ಹೊರಡುವಾಗ, "ಇದನ್ನೆಲ್ಲ ನಗರಸಭೆ ಆಸ್ಪತ್ರೆ ಅಡುಗೆಮನೆಗೆ ಕೊಡಬಹುದಾ?" ಅಂತ ಕೇಳಿದರು.

ಕೇಳಿದ್ದೇ ಸಾಕು, ಹೆಂಡತಿ ಸೆರಗು ಸಿಕ್ಕಿಸಿದರು. ಮಂಚದ ಕೆಳಗಿಂದ, ಬಕೆಟ್ಟಿನಿಂದ, ಹೆಲ್ಮೆಟ್ಟಿನಿಂದ ಟೊಮೆಟೊ ಜೀಪಿಗೆ ಸಾಗಿದವು. ಅಜ್ಜಿಯೂ ಒಂದು ಬುಟ್ಟಿ ತಂದು ಸೇರಿಸಿದರು. ಗಿಡದಲ್ಲಿದ್ದ ಕಾಯನ್ನೂ ಬಿಡಲಿಲ್ಲ. ಜೀಪು ಮರೆಯಾದಾಗ ಮನೆಯಲ್ಲಿ ಒಂದೇ ಒಂದು ಹಣ್ಣೂ ಉಳಿದಿರಲಿಲ್ಲ. ಶಾಲೆಯಿಂದ ಬಂದ ಮಗಳು ಮಂಚದ ಕೆಳಗಿನ ಖಾಲಿ ಜಾಗದಲ್ಲಿ ಉರುಳಾಡಿ ಬಂದಳು. ಹೆಂಡತಿ ತಿಂಗಳ ಮೇಲೆ ಮೊದಲ ಸಲ ಗಂಡನಿಗೆ ಸಕ್ಕರೆ ಜಾಸ್ತಿ ಹಾಕಿ ಚಹಾ ಕೊಟ್ಟರು.

ಐದೂವರೆಗೆ ಜವಾನ ಲಕೋಟೆ ಹಿಡಿದು ಸೈಕಲ್ಲಿನಲ್ಲಿ ಬಂದ. ಮೇಷ್ಟ್ರು, ಅಜ್ಜಿ ಎಲ್ಲ ನೆರೆದರು.

"ಬಡ್ತಿ ಸಾರ್, ಬಡ್ತಿ!" ಅಂದ ಜವಾನ. "ಟಪಾಲು ಗುಮಾಸ್ತರಿಗೂ ಬಂತು. ಅವರು ಹೆಡ್‌ಕ್ಲರ್ಕ್ ಆದ್ರು."

ಗುಮಾಸ್ತರು ಚಹಾ ಲೋಟ ಕೆಳಗಿಟ್ಟರು. "ಅವನು ಹೆಡ್‌ಕ್ಲರ್ಕಾದ್ರೆ ನಾನೇನು?"

ಹೆಂಡತಿ ಲಕೋಟೆ ಹರಿದು ಓದಿದರು. "ಆಸ್ಪತ್ರೆಗೆ ತರಕಾರಿ ಒದಗಿಸಲು ಊರಾಚೆ ಹೊಸದಾಗಿ ಹದ ಮಾಡಿರುವ ನಾಲ್ಕು ಎಕರೆ ತೋಟಕ್ಕೆ ಇವರನ್ನು ಮೇಲ್ವಿಚಾರಕರನ್ನಾಗಿ ನೇಮಿಸಲಾಗಿದೆ. ನಾಳೆಯಿಂದ ಬೆಳಗಿನ ಆರು ಗಂಟೆಗೆ ಹಾಜರಾಗತಕ್ಕದ್ದು. ಮೊದಲ ಬೆಳೆ..." ಅವರು ಕಾಗದವನ್ನು ಕಣ್ಣಿನ ಹತ್ತಿರ ತಂದರು.

"ಮೊದಲ ಬೆಳೆ?" ಅಂದರು ಗುಮಾಸ್ತರು.

"ನಾಲ್ಕು ಎಕರೆಗೂ ಟೊಮೆಟೊ."

ಜವಾನನೇ ಸಮಾಧಾನ ಹೇಳಿದ: "ಇನ್ನೂ ಇದೆ ನೋಡಿ ಅಮ್ಮಾ. ಮೇಲ್ವಿಚಾರಕರಿಗೆ ವಾರವಾರ ಬೆಳೆಯಲ್ಲಿ ಪಾಲು, ಪುಕ್ಕಟೆ! ಮೇಡಂ ಖುದ್ದಾಗಿ ಸೇರಿಸಿದ್ದು."

"ಎಷ್ಟು?" ಹೆಂಡತಿ ನೆಲದ ಮೇಲೆ ಕೂತು ಕೇಳಿದರು. "ಒಂದು ಬುಟ್ಟಿಯಾದ್ರೆ ಹೇಗೋ ಹಂಚಿ ಸುಧಾರಿಸೋಣ."

ಗುಮಾಸ್ತರು ಕಾಗದ ಇಸಿದುಕೊಂಡು ಕೊನೇ ಸಾಲು ಓದಿದರು.

"ಒಂದೇ ಬುಟ್ಟಿ ಕಣೇ," ಅಂದರು ಸಣ್ಣ ದನಿಯಲ್ಲಿ. "ಮನೆಯ ಸದಸ್ಯರಿಗೆ, ತಲೆಗೊಂದರಂತೆ."