ತಾನಾಗೇ ಕೂಡುವ ಹರಳು

ಹರಳು ಬೆಳೆಸಲು ಹೊರಟವನಿಗೆ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಇರುತ್ತದೆ. ನಗು ಬರುವುದು ಮಾತ್ರ ಎಲ್ಲ ಮುಗಿದ ಮೇಲೆ.

ನಿಮ್ಮ ಕೆಲಸ ಏನು?

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಜೊತೆಗೆ ಪಿಎಚ್.ಡಿ. ಕೂಡ ಮಾಡುತ್ತಿದ್ದೇನೆ. ಲೋಹದ ಕಣಗಳನ್ನೂ ಸಾವಯವ ಅಣುಗಳನ್ನೂ ನೀರಿನಲ್ಲಿ ಬಿಟ್ಟರೆ ಅವು ತಾವಾಗೇ ಕೂಡಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಪಂಜರ ಕಟ್ಟುತ್ತವೆ. ಪಂಜರಗಳು ಒತ್ತಾಗಿ ಕೂತು ಹರಳಾದರೆ ಮಾತ್ರ ಎಕ್ಸ್-ರೇಯಲ್ಲಿ ಅವುಗಳ ಆಕಾರ ತಿಳಿಯುತ್ತದೆ. "ಹರಳು ತರ್ರಿ, ಇಲ್ಲಾಂದ್ರ ಪಿಎಚ್.ಡಿ. ಮರತುಬಿಡ್ರಿ" ಎಂದಿದ್ದರು ಧಾರವಾಡದ ನನ್ನ ಗೈಡು.

ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ.

"ಅವು ತಾವ ಕೂಡತಾವು, ತಾವ ಕಟ್ಟತಾವು. ನೀವೇನ ಮಾಡತೀರಿ?"

"ಕಾಯತೇನಿ."

"ಅಷ್ಟಕ್ಕ ಡಾಕ್ಟರ್ ಅಂತಾರ? ಹಂಗಾದ್ರ ಬಸ್ ಸ್ಟ್ಯಾಂಡಿನ್ಯಾಗ ಕುಂತವ್ರೆಲ್ಲಾ ಡಾಕ್ಟರ್ ಬಿಡ್ರಿ!"

ಬಂತೇನ್ರಿ?

ಹರಳು ಕಟ್ಟುವ ಸೀಸೆಯನ್ನು ಅಲ್ಲಾಡಿಸಬಾರದು; ಅಲ್ಲಾಡಿದರೆ ಹರಳಿನ ಬದಲು ಪುಡಿ ಕೂರುತ್ತದೆ. ನಮ್ಮ ಕಾಲೇಜಿನ ಭೌತಶಾಸ್ತ್ರದ ಸರ್‌ಗೆ ನನ್ನ ಮೇಲೆ ಬಲು ಕಾಳಜಿ. ದಿನಾ ಬಂದು ಸೀಸೆ ಎತ್ತಿ, ಬೆಳಕಿಗೆ ಹಿಡಿದು, ಚೆನ್ನಾಗಿ ಅಲ್ಲಾಡಿಸಿ "ಬಂತೇನ್ರಿ?" ಎನ್ನುವರು. ತಳದಲ್ಲಿ ಬರೀ ಪುಡಿ. ಸಿಟ್ಟು ನುಂಗಿಕೊಂಡು 'ಮುಟ್ಟಬೇಡಿ' ಎಂದು ಸೀಸೆಗೆ ಚೀಟಿ ಅಂಟಿಸಿದೆ. ಮರುದಿನ ಸರ್ ಸೀಸೆಯನ್ನು ಕಣ್ಣಿನ ಹತ್ತಿರಕ್ಕೇ ಎತ್ತಿ ಹಿಡಿದರು.

"ಅಕ್ಷರಾ ಭಾಳ ಸಣ್ಣೂ ಆಗ್ಯಾವ ನೋಡ್ರಿ, ಓದಾಕ ಬರವಲ್ದು."

ಅತ್ತೆಯ ಜಗಲಿ

ಕೊನೆಗೆ ಹೆಂಡತಿಯ ತವರಾದ ಸಾಲಹಳ್ಳಿಯಲ್ಲಿ ಹೊಸ ಸೀಸೆಯೊಂದರಲ್ಲಿ ದ್ರಾವಣ ಬೆರೆಸಿ ಅತ್ತೆಯ ಮನೆಯ ದೇವರ ಜಗಲಿಯ ಮೇಲಿಟ್ಟೆ. ಜಳಕ ಮಾಡದೆ ಅಲ್ಲಿ ಯಾರೂ ಕೈಹಾಕುವುದಿಲ್ಲ. "ಅತ್ತಿ, ಇದನ್ನ ಎತ್ತಬ್ಯಾಡ್ರಿ" ಎಂದು ಹೇಳಿ ಬಂದೆ.

ಮುಂದಿನ ತಿಂಗಳು ಹೋದರೆ ಜಗಲಿಯ ಮುಂದೆ ಓಣಿಯ ಹೆಂಗಸರೆಲ್ಲ ಕೈಮುಗಿದು ಕುಳಿತಿದ್ದರು. ಸೀಸೆಗೆ ಮೂರೆಳೆ ವಿಭೂತಿ, ಮೇಲೊಂದು ಹೂವು. ಅದರ ಪಕ್ಕದಲ್ಲೇ ಒಡೆಯಲು ಅತ್ತೆ ತೆಂಗಿನಕಾಯಿ ಎತ್ತಿದ್ದರು! ನಾನು ಓಡಿ ಹೋಗಿ ಅಡ್ಡ ಬಂದೆ.

"ಅತ್ತಿ, ಒಡೀಬ್ಯಾಡ್ರಿ! ಅಲ್ಲಾಡತೈತಿ!"

"ನೀರಿನ್ಯಾಗ ದೇವರು ತಾನ ಮೂಡ್ಯಾನ ಅಳ್ಯಾರ, ಕಾಯಿ ಒಡೀಲಿಲ್ಲಂದ್ರ ಹೆಂಗ?"

ಬಗ್ಗಿ ನೋಡಿದೆ. ವಿಭೂತಿಯ ಸಂದಿಯಲ್ಲಿ ನೀಲಿ ಹರಳುಗಳು! ಅಬ್ಬಾ! ಅಷ್ಟು ಸಮಾಧಾನ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ. ಕಾಯಿಯನ್ನು ಹೊರಗೆ ಕಟ್ಟೆಯ ಮೇಲೆ ಒಡೆಸಿ, ಬಸ್ಸಿನಲ್ಲಿ ಸೀಸೆಯನ್ನು ತೊಡೆಯ ಮೇಲಿಟ್ಟುಕೊಂಡು ಧಾರವಾಡದ ದಾರಿ ಹಿಡಿದೆ.

ಎಕ್ಸ್-ರೇಯಲ್ಲಿ ಪಂಜರ ಸ್ಪಷ್ಟವಾಗಿ ಬಂತು. ದೇವರು ದಿಂಡರು ಎಂದರೆ ಮುಖ ಸಿಂಡರಿಸುವ ಗೈಡು, ನನ್ನ ಬಾಯಿಂದ ಕಥೆಯೆಲ್ಲ ಕೇಳಿ, "ಇರಲಿ, ಇನ್ನ ಪ್ರಬಂಧ ಬರೀರಿ" ಎಂದರು. ಆಮೇಲೆ ಬಾಗಿಲು ಹಾಕಿ ಬಂದು, ಕಪಾಟಿನಿಂದ ತಮ್ಮದೇ ಒಂದು ಸೀಸೆ ಹೊರತೆಗೆದು ದನಿ ತಗ್ಗಿಸಿದರು.

"ಇದು ಭಾಳ ವರ್ಷದಿಂದ ಹರಳ ಕಟ್ಟವಲ್ದು. ನಿಮ್ಮ ಅತ್ತಿಯವರ ಜಗಲಿ ಮ್ಯಾಲ ಇನ್ನೊಂದಕ್ಕ ಜಾಗಾ ಐತೇನ್ರಿ?"