ಖಾಲಿ ಜಮೀನಿನ ಬೆಳ್ಳುಳ್ಳಿ ಸೊಪ್ಪು

ಹೋಬಳಿ ಸರ್ಕಾರದ ಸಾಮೂಹಿಕ ಜಮೀನು ಕ್ರಮೇಣ ಸುಧಾರಣಾ ಕಚೇರಿಯ ಮುಖ್ಯಸ್ಥರೂ, ಅವಸರವೆಂಬ ಪಾಪವನ್ನು ಜನ್ಮದಲ್ಲೇ ಮಾಡದವರೂ ಆದ ಮಾನ್ಯ ಲುವಾನ್ ಅವರೇ,

ಫಾಂಗ್ ಗ್ವೇಝೆನ್ ಎಂಬ ನಾನು ನಿಂತಲ್ಲಿಂದಲೇ ತಮಗೆ ನಮಸ್ಕರಿಸುತ್ತೇನೆ. ಎಲ್ಲಿ ನಿಂತಿದ್ದೇನೆಂದು ಮಾತ್ರ ಕೇಳಬೇಡಿ, ಅದನ್ನು ತಮ್ಮ ಕಚೇರಿ ಇನ್ನೂ ತೀರ್ಮಾನಿಸಿಲ್ಲ.

ಹೊಲವೆಲ್ಲ ಊರೊಟ್ಟಿನ ಆಸ್ತಿ, ಊರಿನ ಸದಸ್ಯರಿಗಷ್ಟೇ ಪಾಲು. ಮದುವೆಯಾಗಿ ನಾನ್‌ವಾಕ್ಕೆ ಹೋದಾಗ ತವರೂರು ಶಾಜಿಂಗ್ ನನ್ನ ಹೆಸರು ಹೊಡೆದುಹಾಕಿತು. ಗಂಡನನ್ನು ಬಿಟ್ಟು ತವರಿಗೆ ಬಂದಾಗ ನಾನ್‌ವಾ ಹೊಡೆದುಹಾಕಿತು. ಎರಡೂ ಊರು ಇಷ್ಟು ಒಮ್ಮತದಿಂದ ಇನ್ನೊಂದು ಕೆಲಸ ಮಾಡಿದ್ದನ್ನು ನಾನಂತೂ ಕಂಡಿಲ್ಲ. ತಮ್ಮ ಬಳಿ ಓಡಿ ಬಂದರೆ, "ಸದಸ್ಯರು ಯಾರು ಅಂತ ಊರೇ ಹೇಳಲಿ ಅಕ್ಕಾ, ನಾವು ಕಲ್ಲು ತಡವ್ಕೊಂಡು ನಿಧಾನಕ್ಕೆ ಹೊಳೆ ದಾಟೋರು" ಎಂದಿರಿ. ಆಹಾ, ಎಂಥ ಮುತ್ತಿನಂಥ ಮಾತು! ಆ ಹೊಳೆಯ ನಡುವೆ ನಿಂತು ನಿಂತು ಕಲ್ಲುಗಳೆಲ್ಲ ನನ್ನನ್ನು ಹೆಸರು ಹಿಡಿದು ಕರೆಯುತ್ತಿವೆ. ಊರವರಿಗಿಂತ ಅವೇ ವಾಸಿ.

ಶಾಜಿಂಗ್ ಊರ ಸಭೆಯಲ್ಲಿ ಹಿರಿಯರಾದ ಕುವಾಂಗ್ ತಾತ, "ಕೊಟ್ಟ ಹೆಣ್ಣು ಚೆಲ್ಲಿದ ನೀರು ಕಣಮ್ಮ, ವಾಪಸ್ ತುಂಬ್ಕೊಳ್ಳೋಕಾಗುತ್ತಾ?" ಎಂದರು. "ಚೆಲ್ಲಿದ ನೀರು ಹೊಲಕ್ಕೇ ತಾನೇ ಹೋಗೋದು, ತಾತಾ?" ಎಂದೆ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕು, ನಗುನಗುತ್ತಲೇ ನನ್ನ ವಿರುದ್ಧ ಕೈ ಎತ್ತಿತು.

ಬಾವಿ ಪಕ್ಕದ ಅಪ್ಪನ ಪಟ್ಟಿ ಹೊಲವೇ ನನಗೂ ಮಗಳಿಗೂ ಅನ್ನ. ತಮ್ಮ ಹಾರುವ ಕ್ಯಾಮೆರಾ ಅದರ ಮೇಲೆ ಗಿರಕಿ ಹೊಡೆದು ಹೋದ ಮೇಲೆ ನಕ್ಷೆಯಲ್ಲಿ "ಖಾಲಿ ಜಮೀನು" ಎಂದು ಬಂದಿದೆ. ಸದಸ್ಯರಲ್ಲದವರು ಬೆಳೆದದ್ದು ಬೆಳೆಯಲ್ಲವಂತೆ. ಅದನ್ನು ದೊಡ್ಡ ಸಹಕಾರಿ ತೋಟಕ್ಕೆ ಸೇರಿಸುವುದು ಬರುವ ಸೋಮವಾರವಂತೆ. ಅಯ್ಯೋ ನನ್ನಪ್ಪಾ, ಅದೊಂದು ಮಾತ್ರ ಕ್ರಮೇಣ ಅಲ್ಲವಲ್ಲ!

ಆದ್ದರಿಂದ ಸೋಮವಾರವನ್ನೂ ಕ್ರಮೇಣ ತರಿಸಬೇಕೆಂದು ಬೇಡುತ್ತೇನೆ. ಆಗದಿದ್ದರೆ ಎರಡೂ ಊರುಗಳ ನಡುವಿನ ಬದುವನ್ನೇ ಒಂದು ಗ್ರಾಮವೆಂದು ಘೋಷಿಸಿ: ನಾನು ಅಧ್ಯಕ್ಷೆ, ಮಗಳೇ ಮಹಾಸಭೆ, ಸುಧಾರಣೆಯನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿಕೊಡುತ್ತೇವೆ. ಅದೂ ಕಷ್ಟವೆಂದಾದರೆ ತಮ್ಮ ಸುಧಾರಣೆಯ ಎರಡನೇ ಹಂತದವರೆಗೆ ಕಾಯಬೇಕೆಂದು ನಮ್ಮ ಹಸಿವಿಗೇ ಒಂದು ಆದೇಶ ಕಳಿಸಿ, ಮೊಹರು ಒತ್ತಿ.

ಯಾವ ಊರಿನವಳೂ ಅಲ್ಲದ, ಆದರೂ ಎಲ್ಲಿಗೂ ಹೋಗದ,
ತಮ್ಮ ವಿಶ್ವಾಸಿ,
ಫಾಂಗ್ ಗ್ವೇಝೆನ್

ತಾ.ಕ.: ಅಳತೆಗೆ ಬಂದ ದಿನ ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಸೊಪ್ಪಿನ ಕಡುಬು ತಿಂದು, "ಎಲ್ಲೀದಕ್ಕಾ ಈ ಸೊಪ್ಪು? ಇನ್ನೊಂದು ತಟ್ಟೆ ಹಾಕು" ಎಂದಿರಲ್ಲ, ಅದು ಆ ಖಾಲಿ ಜಮೀನಿನದ್ದೇ. ಸೋಮವಾರ ಯಾರಾದರೂ ಸಾಕ್ಷಿ ಕೇಳಿದರೆ ತಮ್ಮ ಹೊಟ್ಟೆಯನ್ನೇ ಕರೆಸುತ್ತೇನೆ.