ಕೆಂಪು ಚುಕ್ಕಿ ಹಚ್ಚಿದವರು

ಗಂಡಸಿಗೆ ವಯಸ್ಸಾದದ್ದು ಮೊದಲು ಗೊತ್ತಾಗುವುದು ಅವನ ಹೆಂಡತಿಗೆ, ಆಮೇಲೆ ಊರಿಗೆ, ಕಟ್ಟಕಡೆಗೆ ಅವನಿಗೆ. ನನಗೆ ಚಾಳೀಸು ಬಂದಾಗ ಪೇಪರನ್ನು ದೂರ ಹಿಡಿದು ಓದತೊಡಗಿದೆ. ಕೈ ಸಾಲದಾದಾಗ, ಪೇಪರಿನಲ್ಲಿ ಓದುವಂಥದ್ದು ಏನು ಬರುತ್ತದೆ ಎಂದು ಪೇಪರನ್ನೇ ಬಿಟ್ಟೆ. ಕನ್ನಡಕ ಮಾತ್ರ ಹಾಕಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯ ಕೋವಿ. ಗೋಣಿಬೀಡಿನ ಆಚೆಗಿರುವ ನಮ್ಮ ಸಣ್ಣ ಕಾಫಿ ತೋಟದ ಕಾವಲಿಗೆಂದು ಮಾವನವರು ತಮ್ಮ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿಕೊಟ್ಟಿದ್ದರು. ಕೊಡುವಾಗಲೇ, "ಕಣ್ಣು ನೆಟ್ಟಗಿರೋವರೆಗೂ ಇಟ್ಕೊಳ್ಳಿ ಅಳಿಯಂದಿರೇ, ಆಮೇಲೆ ಕಿರಿ ಅಳಿಯಂದಿರಿಗೆ ಕೊಡೋಣ" ಅಂದಿದ್ದರು. ನನ್ನ ಷಡ್ಡಕನ ಗೋಡೆಯ ಮೇಲೆ ಆ ಕೋವಿ ತೂಗುವುದನ್ನು ನೆನೆದರೇ ನನಗೆ ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ಬೆಂಗಳೂರಿನ ಕೋವಿ ಅಂಗಡಿಯಿಂದ ರೆಡ್ ಡಾಟ್ ಎಂಬ ಉಪಕರಣ ತಂದು ಕೂರಿಸಿಕೊಂಡೆ. ಬೆರಳುದ್ದದ ಕೊಳವೆ, ಒಳಗೊಂದು ಸೆಲ್ಲು. ಗುಂಡಿ ತಿರುಗಿಸಿದರೆ ಗಾಜಿನಲ್ಲಿ ಕೆಂಪು ಚುಕ್ಕಿ ಕಾಣುತ್ತದೆ, ಅದನ್ನು ಗುರಿಯ ಮೇಲಿಟ್ಟು ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದರಾಯಿತು. ಜೊತೆಗೆ ಸಾಸಿವೆಯಷ್ಟು ಸಣ್ಣ ಅಕ್ಷರದ ಚೀಟಿಯೊಂದಿತ್ತು. ಇಂಥದ್ದನ್ನೆಲ್ಲ ಓದಿ ಕಲಿಯಬೇಕೇ ಎಂದು ಅದನ್ನು ಡಬ್ಬಿಯಲ್ಲೇ ಬಿಟ್ಟೆ.

"ಕೋವಿಗೂ ಸೆಲ್ ಹಾಕ್ತಾರೇನು? ನಾಳೆ ಇದಕ್ಕೊಂದು ಬೆಲ್ಲೂ ಇಡ್ತಾರೋ ಏನೋ!" ಎಂದರು ಮಾವ.

ಬೇಸಗೆಯಲ್ಲಿ ಅದು ಚೆನ್ನಾಗಿಯೇ ಇತ್ತು. ಮಳೆ ಹಿಡಿದ ಮೇಲೆ ಗಾಜಿನ ಮೇಲೆ ಹನಿ ಕೂತು, ಒಂದು ಚುಕ್ಕಿ ಹತ್ತಾಗಿ, ಯಾರೋ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಕಾಣತೊಡಗಿತು. ಪಂಚೆಯ ತುದಿಯಿಂದ ಒರೆಸಿದರೆ ಇನ್ನಷ್ಟು ಮಂಜು. ಗುಂಡಿಯ ಪಕ್ಕದ ಗೀಟುಗಳಂತೂ ನನಗೆ ಕಾಣುತ್ತಲೇ ಇರಲಿಲ್ಲ. "ನಿನ್ನ ಬೆರಳು ಸಣ್ಣದು, ಸ್ವಲ್ಪ ಹಚ್ಚಿಕೊಡು" ಎಂದು ಹೆಂಡತಿಯ ಕೈಗೆ ಕೊಡುತ್ತಿದ್ದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ತಿರುಗಿಸಿಕೊಡುತ್ತಿದ್ದಳು.

ಆ ವರ್ಷ ಆಯುಧಪೂಜೆಯ ಮಧ್ಯಾಹ್ನ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ತೀರ್ಪುಗಾರರು ನಮ್ಮ ಮಾವನವರೇ. ಜಿಟಿಜಿಟಿ ಮಳೆ. ಹೊರಡುವ ಗಡಿಬಿಡಿಯಲ್ಲಿ ಹೆಂಡತಿಯನ್ನು ಕೇಳಿದೆ: "ಕೋವಿಗೆ ಕೆಂಪು ಚುಕ್ಕಿ ಹಚ್ಚಿದೀಯಾ?"

"ಬೆಳಗ್ಗೆ ಪೂಜೆ ಹೊತ್ತಿಗೇ ಹಚ್ಚಿದೀನಿ, ಹೋಗಿ."

ನನ್ನ ಸರದಿ ಬಂತು. ಎಡಗಣ್ಣು ಮುಚ್ಚಿ ಬಲಗಣ್ಣನ್ನು ಕೊಳವೆಗೆ ಇಟ್ಟೆ. ಚುಕ್ಕಿ ಇತ್ತು. ಕೊಂಚ ದಪ್ಪ, ಕೊಂಚ ಮಸುಕು. ದಪ್ಪ ಸೆಲ್ಲಿನ ಜೋರಿಗೆ, ಮಸುಕು ಮಳೆಗೆ ಅಂದುಕೊಂಡೆ. ಕಾಯಿಯ ಮೇಲಿಟ್ಟೆ. ಮಳೆಹನಿ ಬೀಳುತ್ತಿದ್ದಂತೆ ಚುಕ್ಕಿ ಮೆಲ್ಲಗೆ ಕೆಳಗಿಳಿಯಿತು. ಕೈ ಸೋತು ಇಳಿಯುತ್ತಿರಬೇಕೆಂದು ಕೋವಿಯನ್ನು ಎತ್ತಿದೆ. ಮತ್ತೆ ಇಳಿಯಿತು, ಮತ್ತೆ ಎತ್ತಿದೆ. ಇನ್ನು ತಡೆಯಲಾರದೆ ಕುದುರೆ ಎಳೆದೆ. ಗುಂಡು ಕಾಯಿ ಕಟ್ಟಿದ್ದ ಹಗ್ಗವನ್ನು ಕತ್ತರಿಸಿತು. ಕಾಯಿ ಕೆಸರಿಗೆ ಬಿದ್ದು, ಒಡೆಯದೆ ಹಾಯಾಗಿ ಕೂತಿತು.

"ಕಾಯಿ ಒಡೀಬೇಕಿತ್ತು ಮಾರಾಯ, ಕೊಯ್ಯೋದಲ್ಲ!" ಎಂದು ಯಾರೋ ಕೂಗಿದರು. ಮೈದಾನವೆಲ್ಲ ನಕ್ಕಿತು.

ಮಾವ ನಗಲಿಲ್ಲ. ಕೋವಿ ತೆಗೆದುಕೊಂಡು ಮರದ ಮರೆಗೆ ನಡೆದರು. ಕೋವಿ ಷಡ್ಡಕನ ಪಾಲಾಯಿತು ಎಂದುಕೊಂಡು ಹಿಂದೆಯೇ ಹೋದೆ. ಅವರು ಆಚೀಚೆ ನೋಡಿ, ಕೋಟಿನ ಒಳಜೇಬಿನಿಂದ ಒಂದು ಕನ್ನಡಕ ತೆಗೆದು ಮೂಗಿಗೇರಿಸಿ, ಗಾಜನ್ನು ಬೆರಳಿಂದ ಮುಟ್ಟಿದರು. ಬೆರಳು ಕೆಂಪಾಯಿತು.

"ಇದು ಕುಂಕುಮ ಅಳಿಯಂದಿರೇ."

ನಾನು ಕುಂಕುಮ ನೋಡಲಿಲ್ಲ, ಕನ್ನಡಕವನ್ನೇ ನೋಡುತ್ತಿದ್ದೆ. ಅವರು ಥಟ್ಟನೆ ಅದನ್ನು ತೆಗೆದು ಜೇಬಿಗಿಳಿಸಿದರು. "ಕೋವಿ ನಿಮ್ಮಲ್ಲೇ ಇರಲಿ. ಈ ವಿಷಯ ಮಾತ್ರ ನಮ್ಮಿಬ್ಬರಲ್ಲೇ ಇರಲಿ" ಎಂದರು. ಆ ಮನುಷ್ಯನ ಮೇಲೆ ನನಗೆ ಅವತ್ತು ಹುಟ್ಟಿದಷ್ಟು ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ.

ಕೆಸರಿಗೆ ಬಿದ್ದ ಕಾಯಿಯನ್ನು ಹಿಡಿದು ಮನೆಗೆ ಬಂದು ಹೆಂಡತಿಯ ಮೇಲೆ ರೇಗಿದೆ. ಅವಳು, "ಜೀಪಿಗೆ, ಕಾಫಿ ಪಲ್ಪರ್ ಮಿಷನ್ನಿಗೆ, ಕತ್ತಿಗೆ ಹಚ್ಚಿದ ಹಾಗೆ ಅದಕ್ಕೂ ಹಚ್ಚಿದೆ. ಕುಂಕುಮ ಯಾವುದು, ಕರೆಂಟು ಯಾವುದು ಅಂತ ಕಾಣ್ದೇ ಇದ್ದೋರು ನೀವು" ಎಂದು, ಆ ಕಾಯನ್ನು ಚಟ್ನಿಗೆ ಒಡೆದಳು.

ಮರುವಾರ ಮೂಡಿಗೆರೆಗೆ ಹೋಗಿ ಕನ್ನಡಕ ಮಾಡಿಸಿಕೊಂಡೆ. ಹಾಕಿಕೊಂಡು ಮೊದಲು ಓದಿದ್ದು ಡಬ್ಬಿಯಲ್ಲಿದ್ದ ಆ ಚೀಟಿಯನ್ನೇ. ಮಳೆಯಲ್ಲಿ ಬಳಸುವ ಮುಂಚೆ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕಂತೆ. ಗುರಿಯಿಡುವಾಗ ಎರಡೂ ಕಣ್ಣು ತೆರೆದಿರಬೇಕಂತೆ. ನಾನು ಒಂದನ್ನು ಬೇಕೆಂದೇ ಮುಚ್ಚಿದ್ದೆ. ಇನ್ನೊಂದೂ ಮುಚ್ಚಿಯೇ ಇತ್ತೆಂಬುದು ನಮ್ಮವಳಿಗೆ ಮೊದಲೇ ಗೊತ್ತಿತ್ತು.